ಚಕ್ರಕ್ಕೆ ಬಿಡಬೇಕಾದ ಜಾಗ

ನಮ್ಮ ಮನೆತನದಲ್ಲಿ ಯಾವ ವಸ್ತುವನ್ನೂ ಸರಿಯಾದ ಅಳತೆಗೆ ಕೊಂಡ ಇತಿಹಾಸವಿಲ್ಲ. ಸಣ್ಣವನಿದ್ದಾಗ ಚಪ್ಪಲಿ ಕೊಡಿಸಲು ಕರೆದೊಯ್ದರೆ ಅಂಗಡಿಯವರು ನನ್ನ ಕಾಲು ನೋಡುತ್ತಿದ್ದರು, ಅಮ್ಮ ನನ್ನ ಭವಿಷ್ಯ ನೋಡುತ್ತಿದ್ದಳು. "ಒಂದು ಸೈಜು ದೊಡ್ಡದೇ ಇರ್ಲಿ. ಬೆಳೆಯುವ ಹುಡುಗ." ಆ ಚಪ್ಪಲಿ ಕಾಲಿಗೆ ಸರಿಯಾಗುವ ಹೊತ್ತಿಗೆ ಅದರ ಉಂಗುಷ್ಠ ಕಿತ್ತುಹೋಗಿರುತ್ತಿತ್ತು. ಈಗ ದರ್ಬೆಯ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೂ ಕುಕ್ಕರು ಒಂದು ಸಣ್ಣ ಮದುವೆಗೆ ಸಾಕು. ನೆಂಟರು ಹೇಳದೆ ಬಂದರೆ ಎಂಬುದು ನಮ್ಮ ಮುಂದಾಲೋಚನೆ. ನೆಂಟರೆಲ್ಲ ಈಗ ಹೇಳಿಯೂ ಬರುವುದಿಲ್ಲ. ಹೀಗೆ ಬೆಳೆದವನಿಗೆ, ಸೈಕಲಿನ ಫ್ರೇಮು ಮಾತ್ರ ಬೆಳೆಯುವ ವಸ್ತುವಲ್ಲ ಎಂಬುದು ಐವತ್ತು ದಾಟಿದ ಮೇಲೆ ತಿಳಿಯಿತು.

ಸೈಕಲು ಬೇಕಾದದ್ದು ನನಗಲ್ಲ, ನನ್ನ ಹೆಂಡತಿ ಶೈಲಜೆಗೆ. ಸುಳ್ಯದ ಅವಳ ತವರಿನಲ್ಲಿ ಅಣ್ಣಂದಿರಿಗೆಲ್ಲ ಸೈಕಲಿತ್ತು. ಅವಳಿಗೆ ಇದ್ದದ್ದು ಕ್ಯಾರಿಯರು. ಮದುವೆಯಾದ ಮೇಲೆ ಅದು ನನ್ನ ಸ್ಕೂಟರಿನ ಹಿಂದಿನ ಸೀಟಾಯಿತು. ಕಳೆದ ರಜೆಯಲ್ಲಿ, ಯಾರಿಗೂ ಹೇಳದೆ, ಪಕ್ಕದ ಮನೆಯವರ ಸೈಕಲು ಕೇಳಿ ತೆಗೆದುಕೊಂಡು ನಮ್ಮ ಕಾಲೇಜಿನ ಮೈದಾನದಲ್ಲಿ ಕಲಿತಳು. ಮೊಣಕಾಲಿನ ಡಾಕ್ಟರರು, "ಈಗ ಸೈಕಲು ಬಿಡ್ಬಹುದು. ಮುಂದೆ ಗಂಟು ಸವೆದರೆ ಹೇಳ್ಲಿಕ್ಕೆ ಆಗುದಿಲ್ಲ" ಎಂದಿದ್ದರು. ಅವಳಿಗೆ ಇದ್ದದ್ದು ಒಂದೇ ಆಸೆ. ಕುಂಬ್ರದಲ್ಲಿರುವ ಅವಳ ಅಕ್ಕ ಜಯಕ್ಕನ ಮನೆಗೆ, ಮಳೆ ಹಿಡಿಯುವ ಮೊದಲು, ತಾನೇ ಸೈಕಲು ತುಳಿದುಕೊಂಡು ಹೋಗಬೇಕು.

ಅಂಗಡಿಗೆ ಹೋಗಿ ಒಂದು ಸೈಕಲು ತಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ಜೊತೆಗೆ ಆಗಷ್ಟೇ ಫೋನಿನಲ್ಲಿ ಸೈಕಲು ಕಟ್ಟುವ ವಿಡಿಯೊಗಳನ್ನು ನೋಡತೊಡಗಿದ್ದೆ. ಕಡಬದ ಸಹೋದ್ಯೋಗಿಯೊಬ್ಬರ ರಬ್ಬರು ಶೀಟು ಹೊಗೆ ಹಾಕಿ ಒಣಗಿಸುವ ಕೋಣೆಯಲ್ಲಿ, ಮೇಲೆ ಅಡ್ಡಪೈಪಿಲ್ಲದ ಹಳೆಯ ಲೇಡೀಸ್ ಫ್ರೇಮೊಂದು ನೇತಾಡುತ್ತಿತ್ತು. ಅದನ್ನು ತಂದೆ, ತಿಕ್ಕಿದೆ, ನೀಲಿ ಬಣ್ಣ ಬಳಿದೆ. ಬಣ್ಣದ ಒಳಗಿನಿಂದಲೂ ರಬ್ಬರು ಶೀಟಿನ ಹೊಗೆಯ ವಾಸನೆ ಬರುತ್ತಿತ್ತು. ಆಮೇಲೆ ಟಯರು ಕೊಂಡೆ. ನಮ್ಮ ರಸ್ತೆಯಲ್ಲಿ ಹಿಂದಿನಿಂದ ಬಸ್ಸು ಹಾರನ್ನು ಹೊಡೆದರೆ ಸೈಕಲಿನವರು ಡಾಮರು ಬಿಟ್ಟು ಜಲ್ಲಿಗೆ ಇಳಿಯಬೇಕು. ಸಪೂರ ಟಯರಾದರೆ ಅಲ್ಲಿ ಜಾರುತ್ತದೆ. ಆದ್ದರಿಂದ ಅಂಗಡಿಯಲ್ಲಿದ್ದುದರಲ್ಲಿ ದಪ್ಪದ್ದನ್ನು ಆರಿಸಿದೆ. "ಈ ಫ್ರೇಮಿಗೆ ಹಿಡೀತದಾ ಸರ್?" ಎಂದು ಅಂಗಡಿಯವರು ಕೇಳಿದರು. ನನ್ನ ಬಾಯಿಂದ ಅಮ್ಮನೇ ಮಾತಾಡಿದಳು: "ಒಂದು ಸೈಜು ದೊಡ್ಡದೇ ಇರ್ಲಿ."

ಮನೆಗೆ ಬಂದು ಟಯರನ್ನು ರಿಮ್ಮಿಗೆ ಹಾಕಿ, ಚಕ್ರವನ್ನು ಕೂರಿಸಿ ತಿರುಗಿಸಿದೆ. ಸೊಗಸಾಗಿ ತಿರುಗಿತು. ಶೈಲಜೆಯನ್ನು ಕರೆದು ತೋರಿಸಿದೆ. ಆಮೇಲೆ ಗಾಳಿ ಹಾಕಿದೆ. ಗಾಳಿ ಹಾಕಿದರೆ ಟಯರು ಊದುತ್ತದೆ ಎಂಬುದನ್ನು ತಿಳಿಯಲು ಭೌತಶಾಸ್ತ್ರ ಬೇಕಾಗಿಲ್ಲ, ಆದ್ದರಿಂದಲೇ ಇರಬೇಕು, ನನಗೆ ಹೊಳೆಯಲಿಲ್ಲ. ಪೆಡಲಿನ ಹತ್ತಿರದಿಂದ ಹೊರಟು ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಹೋಗುವ ಪೈಪುಗಳಿವೆಯಲ್ಲ, ಅವುಗಳ ನಡುವೆ ಟಯರು ಎರಡು ಕಡೆಗೂ ಮೈ ತಾಗಿಸಿಕೊಂಡು ನಿಂತುಬಿಟ್ಟಿತು.

ನೋಡಿ, ಎಡೆ ಬಿಡುವುದರ ಮಹತ್ವ ನನಗೆ ತಿಳಿಯದ್ದೇನಲ್ಲ. ನೆಟ್ಟಣದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ, ಹಳಿಗಳ ನಡುವೆ ಸಂದು ಯಾಕೆ ಬಿಡುತ್ತಾರೆಂದು ಶೈಲಜೆಗೆ ವ್ಯಾಕೋಚನದ ಪಾಠ ಮಾಡಿದವನು ನಾನು. ಅವಳು ಬಾಳೆಕಾಯಿ ಚಿಪ್ಸ್ ತಿನ್ನುತ್ತ ಕೇಳಿಸಿಕೊಂಡಿದ್ದಳು. ನಮ್ಮ ಮನೆಯ ಬಾಗಿಲೂ ಇದನ್ನೇ ಕಲಿಸುತ್ತದೆ. ಮಳೆಗಾಲದಲ್ಲಿ ಊದಿ ಹಾಕಲು ಬರುವುದಿಲ್ಲ ಎಂದು ಆಚಾರಿಯನ್ನು ಕರೆಸಿ ಕೀಸುಳಿ ಹಿಡಿಸುತ್ತೇವೆ. ಬೇಸಿಗೆಯಲ್ಲಿ ಅದೇ ಬಾಗಿಲು ಹಾಕಿದ್ದರೂ ಹಲ್ಲಿಗಳು ನಮ್ಮನ್ನು ಕೇಳದೆ ಬಂದು ಹೋಗುತ್ತವೆ. ಇಷ್ಟೆಲ್ಲ ಗೊತ್ತಿದ್ದವನು ಟಯರನ್ನು ಬದಲಿಸಬೇಕಿತ್ತು. ನಾನು ಟಯರೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬದಲಿಸಿದೆ.

ಮೊದಲು ಗಾಳಿ ಕಡಿಮೆ ಮಾಡಿದೆ. ಚಕ್ರ ತಿರುಗಿತು. ಶೈಲಜೆ ಕುಳಿತಾಗ ಟಯರು ಚಪ್ಪಟೆಯಾಗಿ ರಿಮ್ಮು ನೆಲ ಕಂಡಿತು. "ನಾನು ಅಷ್ಟು ಭಾರ ಉಂಟಾ?" ಎಂದು ಕೇಳಿದಳು. ನಾನು ಬಗ್ಗಿ ಪಂಪು ಹುಡುಕಿದೆ. ಆಮೇಲೆ ಚಕ್ರವನ್ನು ಅದರ ಅಚ್ಚು ಕೂರುವ ಸೀಳಿನಲ್ಲಿ ಹಿಂದಕ್ಕೆ ಎಳೆದು ಬಿಗಿದೆ. ಪೈಪುಗಳು ಹಿಂದೆ ಹೋದಂತೆ ಅಗಲವಾಗುತ್ತವೆ, ಜಾಗ ಸಿಕ್ಕಿತು, ಆದರೆ ಚೈನು ಗಿಡ್ಡವಾಯಿತು. ಚೈನಿಗೆ ಕೊಂಡಿ ಸೇರಿಸಿದೆ. ಮಡ್‌ಗಾರ್ಡು ತಾಗಿತು. ಮಡ್‌ಗಾರ್ಡು ಬಿಚ್ಚಿದೆ. ಈಗ ಎಲ್ಲ ಸರಿಯಾಯಿತೆಂದು ಅವಳು ಮನೆಯ ಮುಂದಿನ ಏರು ಹತ್ತಿಸಲು ಒತ್ತಿ ತುಳಿದಳು. ಚಕ್ರ ಒಂದು ಬದಿಗೆ ವಾಲಿ ಪೈಪಿಗೆ ಉಜ್ಜಿ ಸರ್ರ್ ಎಂದು ನಿಂತಿತು, ನನ್ನ ನೀಲಿ ಬಣ್ಣವನ್ನೂ ಕೆರೆದು ಹಾಕಿತು. ಘರ್ಷಣೆ ಇಲ್ಲದಿದ್ದರೆ ಮನುಷ್ಯ ಒಂದು ಹೆಜ್ಜೆಯೂ ನಡೆಯಲಾರ ಎಂದು ತರಗತಿಯಲ್ಲಿ ಬಹಳ ಹೆಮ್ಮೆಯಿಂದ ಹೇಳುತ್ತ ಬಂದವನು ನಾನು.

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಸಂಜೆ ಮೋಡ ಕಟ್ಟತೊಡಗಿತು. ಶೈಲಜೆ ಸೈಕಲಿನ ಮಾತೆತ್ತುವುದನ್ನು ಬಿಟ್ಟಳು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಒಂದು ಬೆಳಿಗ್ಗೆ ನಾನು ಸುತ್ತಿಗೆ ಹಿಡಿದು, ಪೈಪಿಗೆ ಎರಡು ಪೆಟ್ಟು ಕೊಟ್ಟು ತಗ್ಗು ಮಾಡಿದರೆ ಹೇಗೆ ಎಂದು ಯೋಚಿಸುತ್ತಿದ್ದಾಗ ಅವಳು ಬಂದು ನಿಂತಳು.

"ಎಂತ ಮಾರಾಯ್ರೆ ಇದು? ಸಪೂರದ ಟಯರು ಹಾಕಿದ್ರೆ ಆಗುದಿಲ್ವಾ?"

"ಜಲ್ಲಿಯಲ್ಲಿ ಜಾರ್ತದೆ. ಬಿದ್ರೆ?"

"ಬೀಳುದಾದ್ರೆ ನಾನು ಬೀಳುದಲ್ವಾ? ನಿಮಗೆಂತ?"

ನನಗೆಂತ ಎಂದರೆ, ನನಗೆ ಹೆದರಿಕೆಯಾಗುತ್ತಿತ್ತು. ಅಷ್ಟೇ ವಿಷಯ. ಆ ದಪ್ಪ ಟಯರನ್ನು ನಾನು ಅವಳ ಸೈಕಲಿಗೆ ತಂದಿರಲಿಲ್ಲ, ನನ್ನ ಹೆದರಿಕೆಗೆ ತಂದಿದ್ದೆ. ಇದನ್ನು ಹೇಳಿದರೆ ಅವಳು ನಗುತ್ತಾಳೋ ಅಳುತ್ತಾಳೋ ತಿಳಿಯದೆ, ಸುತ್ತಿಗೆ ಒಳಗಿಟ್ಟು ಅಂಗಡಿಗೆ ಹೋದೆ. ಸಪೂರ ಟಯರು ಹಾಕಿದೆವು, ಗಾಳಿ ತುಂಬಿದೆವು. ಟಯರಿಗೂ ಪೈಪಿಗೂ ನಡುವೆ ಎರಡು ಕಡೆಯೂ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ಶೈಲಜೆ ತನ್ನ ಕಿರುಬೆರಳನ್ನೇ ತೂರಿಸಿ ನೋಡಿ ತೃಪ್ತಳಾದಳು.

ಮರುದಿನ ಬೆಳಿಗ್ಗೆ ಹೊರಟಳು. ನಾನು ಹೆಲ್ಮೆಟು ಹಾಕಿಕೊಂಡು ಸ್ಕೂಟರಿನಲ್ಲಿ ಅವಳ ಹಿಂದೆಯೇ ಹೊರಟೆ. ಅವಳ ಹಿಂದಿನ ಚಕ್ರಕ್ಕೂ ನನ್ನ ಮುಂದಿನ ಚಕ್ರಕ್ಕೂ ಹೆಚ್ಚು ದೂರವಿರಲಿಲ್ಲ. "ಎಡಕ್ಕೆ ಹೋಗು", "ಬಸ್ಸು ಬಂತು", "ಬ್ರೇಕು ಹಿಡಿ", "ಅಷ್ಟು ಹಿಡಿಯಬೇಡ" ಎಂದು ಉಪಯುಕ್ತ ಮಾಹಿತಿ ಒದಗಿಸುತ್ತ ಬಂದೆ. ಸಂಪ್ಯ ದಾಟುವಾಗ ಅವಳು ಒಂದು ಕಾಲು ನೆಲಕ್ಕೂರಿ ನಿಂತು, ಹಿಂದೆ ತಿರುಗಿದಳು.

"ನೀವು ಸ್ವಲ್ಪ ದೂರ ಇರಿ ಆಯ್ತಾ? ಹಾಗಾದ್ರೆ ನಾನು ಹೋಗ್ತೇನೆ."

ನಾನು ಸ್ಕೂಟರು ಬದಿಗೆ ಹಾಕಿದೆ. ಅವಳು ತುಳಿದಳು. ಎದುರಿನಿಂದ ಬಸ್ಸು ಬಂತು, ಅವಳು ಜಲ್ಲಿಗೆ ಇಳಿದಳು, ಸ್ವಲ್ಪ ಓಲಾಡಿದಳು, ಮತ್ತೆ ಡಾಮರಿಗೆ ಹತ್ತಿದಳು. ನನ್ನ ಕೈ ಬ್ರೇಕನ್ನು ಗಟ್ಟಿಯಾಗಿ ಹಿಡಿದಿತ್ತು, ನಿಂತ ಸ್ಕೂಟರಿನದ್ದು. ಆಮೇಲೆ ತಿರುವಿನಲ್ಲಿ ಅವಳ ಹಸಿರು ಚೂಡಿದಾರವೂ ಕಾಣದಾಯಿತು.

ತುಂಬ ಹೊತ್ತಾದ ಮೇಲೆ ಫೋನು ಬಂತು. ಜಯಕ್ಕ. ಹಿಂದಿನಿಂದ ಶೈಲಜೆಯ ನಗು ದೊಡ್ಡದಾಗಿ ಕೇಳುತ್ತಿತ್ತು, ಅಷ್ಟು ದೊಡ್ಡ ನಗು ನಾನು ಇತ್ತೀಚೆಗೆ ಕೇಳಿರಲಿಲ್ಲ.

"ಭಾವ, ಇವಳು ಬಂದು, ಚಾ ಕುಡಿದು, ಎರಡನೇ ಸಲ ಅವಲಕ್ಕಿ ಹಾಕಿಸಿಕೊಂಡೂ ಆಯ್ತು. ನೀವು ಎಲ್ಲಿದ್ದೀರಿ ಮಾರಾಯ್ರೆ?"

ನಾನು ಸಂಪ್ಯದಲ್ಲೇ ಇದ್ದೆ. ಟಯರಿಗಾದರೆ ಕಿರುಬೆರಳಿನಷ್ಟು ಜಾಗ ಸಾಕೆಂದು ಗೊತ್ತಿತ್ತು. ಸ್ವಲ್ಪ ದೂರ ಎಂದರೆ ಎಷ್ಟು ದೂರ ಎಂದು ಅವಳು ಹೇಳಿ ಹೋಗಿರಲಿಲ್ಲ. ನಮ್ಮ ಮನೆತನದ ಪದ್ಧತಿಯಂತೆ, ಒಂದು ಸೈಜು ದೊಡ್ಡದೇ ಇರಲಿ ಎಂದು ಅಲ್ಲೇ ನಿಂತಿದ್ದೆ.