ಹುಳುಮನೆಯೊಳಗಿನ ಫೋಟೋ ಕೋಣೆ

ಫೋಟೋ ತೊಳೆಯುವ ಹೈಪೋ ರಸಾಯನದ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ. ಎಂಬತ್ತರ ದಶಕದ ಶುರುವಿನ ಮಾತು. ಸುಗಟೂರಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದು ಎರಡನೇ ವರ್ಷ. ದಿನಾ ಮನೆಯಿಂದಲೇ ಓಡಾಡಿಕೊಂಡು ಕೋಲಾರದಲ್ಲಿ ಗುಮಾಸ್ತನಾಗಿದ್ದ ನನ್ನ ಮೈದುನನಿಗೆ ಫೋಟೋ ಹುಚ್ಚು ಹತ್ತಿತು. ಕ್ಯಾಮೆರಾ ಕೊಂಡದ್ದು ಸಾಲದೆ, ಫೋಟೋನೂ ತಾನೇ ತೊಳೆಯಬೇಕಂತೆ, ಅದಕ್ಕೊಂದು ಕತ್ತಲ ಕೋಣೆ ಬೇಕಂತೆ. ಎಲ್ಲ ಬಿಟ್ಟು ಅವನ ಕಣ್ಣು ಬಿದ್ದದ್ದು ರೇಷ್ಮೆ ಸಾಕುವ ನಮ್ಮ ಹುಳುಮನೆಯ ಮೇಲೆ.

ಆ ಹುಳುಮನೆಗಿದ್ದ ಮಡಿ ದೇವರ ಮನೆಗೂ ಇರಲಿಲ್ಲ. ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಮುಡಿದ ಮಲ್ಲಿಗೆ ತೆಗೆದಿಟ್ಟೇ ಒಳಗೆ ಹೋಗಬೇಕು. ಮುಟ್ಟಾದವರಂತೂ ಆ ಕಡೆ ತಲೆ ಹಾಕುವಂತಿಲ್ಲ. ಇಷ್ಟೆಲ್ಲ ಕಟ್ಟುಪಾಡು ಮಾಡಿದ್ದ ಅತ್ತೆ, ಮಗ ಕೇಳಿದ ಕೂಡಲೇ ಅರ್ಧ ಕೋಣೆ ಬಿಟ್ಟುಕೊಟ್ಟರು. ಅವನು ಗೋಣಿತಾಟು ಹೊಲಿದು ಅಡ್ಡ ಕಟ್ಟಿದ, ತನ್ನ ಕಡೆಯ ಕಿಟಕಿಗೆ ಕರಿ ಬಟ್ಟೆ ಹೊಡೆದ. ಅವತ್ತಿನಿಂದ ಗಂಟಲು ಕೆರೆಯುವ ಹುಳಿ ಘಾಟು.

ಆ ಸಲದ ಹುಳದ ಬೆಳೆಯನ್ನು ಅತ್ತೆ ಮೊದಲ ಸಲ ಪೂರ್ತಿ ನನ್ನ ಕೈಗೆ ಬಿಟ್ಟಿದ್ದರು. "ಹುಳ ಗೂಡು ಚೆನ್ನಾಗಿ ಕಟ್ಟಿದ್ರೆ ಇನ್ಮೇಲೆ ಹುಳುಮನೆ ನಿಂದೇ ಕಣೇ, ಹೊಲದ ಕಡೆ ಬರೋದೇ ಬೇಡ" ಎಂದಿದ್ದರು. ನನಗೆ ಅಷ್ಟು ಸಾಕಾಗಿತ್ತು. ಘಾಟಿನ ವಿಚಾರ ಹೇಳಿದೆ. "ಓದಿರೋನು, ಅವನಿಗೆ ಗೊತ್ತಾಗಲ್ವಾ? ಸುಮ್ಕಿರು" ಎಂದು ಬಾಯಿ ಮುಚ್ಚಿಸಿದರು.

ಒಂದು ಸಂಜೆ ನೋಡುತ್ತೇನೆ, ಮೈದುನ ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ಹೊದಿಸಿದ್ದ ಒದ್ದೆ ಗೋಣಿಗೆ ಆ ಹೈಪೋ ಕೈ ಒರೆಸುತ್ತಿದ್ದಾನೆ.

"ಥೂ, ಏನಪ್ಪಾ ಇದು!"

"ಬರೀ ನೀರು ಅತ್ತಿಗೆ."

ಸೊಪ್ಪನ್ನೆಲ್ಲ ಎಸೆದೆ. ಎಷ್ಟು ದಿನದಿಂದ ಒರೆಸುತ್ತಿದ್ದನೋ.

ಕೊನೆಯ ಪೊರೆ ಬಿಟ್ಟು ಗಬಗಬ ಮೇಯಬೇಕಾಗಿದ್ದ ಹುಳ ಸೊಪ್ಪಿಗೆ ಬಾಯಿ ಹಾಕಲಿಲ್ಲ. ತಲೆ ಎತ್ತಿ ಹಸಿರು ನೀರು ಕಕ್ಕಿದವು. ಮೆತ್ತಗಾಗಿ, ಕಪ್ಪಾಗಿ, ಎತ್ತಿದರೆ ಬೆರಳ ನಡುವೆಯೇ ಒಡೆದವು. ಕೂಸಿನ ಹಾಗೆ ನೋಡಿಕೊಂಡ ಹುಳಗಳನ್ನು ಮೂಗಿಗೆ ಸೆರಗು ಕಟ್ಟಿಕೊಂಡು ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಸುರಿದೆ.

ಅತ್ತೆ ಅಂಗಳದಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಅಂದರು: "ಯಾವಳೋ ಮುಟ್ಟಾದೋಳು ಒಳಕ್ಕೆ ಹೋಗವ್ಳೆ!"

ಮನೆಯಲ್ಲಿ ಮುಟ್ಟಾಗುವ ವಯಸ್ಸಿನ ಹೆಂಗಸು ನಾನೊಬ್ಬಳೇ. ಮೈದುನ ಬಾಗಿಲಲ್ಲಿ ನಿಂತು ಒದ್ದೆ ಫೋಟೋವನ್ನು ಗಾಳಿಗೆ ಆಡಿಸುತ್ತಿದ್ದ. ನನ್ನ ಗಂಡ ಸೀಮೆಹಸುವಿಗೆ ನೀರು ಕುಡಿಸುವುದೇ ದೊಡ್ಡ ಕೆಲಸವೆಂಬಂತೆ ಅತ್ತ ತಿರುಗಿದರು. ಹುಳ ಕೊಳೆತದ್ದಕ್ಕಿಂತ ಇವರನ್ನು ನೋಡಿ ಹೇಸಿಗೆಯಾಯಿತು.

"ನಂಗೆ ಮೂರು ತಿಂಗಳಾಗೈತಲ್ಲತ್ತೆ. ಊರಿಗೆಲ್ಲ ಹೇಳ್ಕೊಂಡು ಬಂದೋರು ನೀವೇ ಅಲ್ವಾ?"

ಅತ್ತೆ ತಡವರಿಸಲೂ ಇಲ್ಲ. "ಅದಕ್ಕೇ ಕಣೇ. ಬಸುರಿ ನೆರಳೂ ಹುಳಕ್ಕೆ ಆಗಲ್ಲ" ಎಂದರು.

"ಹಂಗಾದ್ರೆ ಇನ್ನರ್ಧಾನೂ ನಂಗೇ ಬಿಡಮ್ಮ, ಹೆಂಗೂ ಖಾಲಿ" ಎಂದ ಮೈದುನ.

ಅತ್ತೆ ಹೂಂ ಅಂದರು. ಮಾರನೆಯ ಬೆಳಗ್ಗೆ ನನ್ನನ್ನು ರಾಗಿ ಹೊಲದ ಕಳೆ ಕೀಳಲು ಕಳಿಸಿದರು.