ನಾಲ್ಕನೆಯ ಡಚ್ ಶಬ್ದ

ಸೈಕಲ್ ಮೇಲೆ ಕೂತಾಗಲೂ ಅವರ ಎರಡೂ ಕೈ ಹ್ಯಾಂಡಲ್ ಮೇಲೆ ನಿಲ್ಲುತ್ತಿರಲಿಲ್ಲ. ಎದುರಿಗೆ ಪರಿಚಯದವರು ಕಂಡರೆ ಸಾಕು, ಕೈಗಳು ತಾವಾಗಿಯೇ ಎದ್ದು ಎದೆಯ ಹತ್ತಿರ ಜೋಡಿಯಾಗುತ್ತಿದ್ದವು. ಸೈಕಲ್ಲು ತನ್ನ ದಾರಿ ತಾನು ನೋಡಿಕೊಂಡು ಎರಿಹೊಲಕ್ಕೆ ಇಳಿಯುತ್ತಿತ್ತು. ಶಲವಡಿ ರಸ್ತೆಯಲ್ಲಿ ಹೀಗೆ ಬಿದ್ದು, ಕರಿಮಣ್ಣು ಮೆತ್ತಿದ ಧೋತರದಲ್ಲಿ ಎದ್ದು ನಿಂತು, ನಮಸ್ಕಾರಕ್ಕೆ ಕಾರಣನಾದವನನ್ನೇ ಅವರು ವಿಚಾರಿಸಿದ್ದರು: "ತಮಗೇನೂ ಪೆಟ್ಟಾಗಲಿಲ್ಲಲ್ರಿ?"

ಅವರು ನಮ್ಮೂರ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು. ನಾನು ಕನ್ನಡ ಮಾಸ್ತರ. ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ವಿದ್ಯಾರ್ಥಿಗಳನ್ನೂ ಅವರು ಬಹುವಚನದಲ್ಲೇ ದಂಡಿಸುತ್ತಿದ್ದರು. "ಸ್ವಲ್ಪ ಕೈ ಮುಂದ ಮಾಡ್ತೀರೇನ್ರಿ?" ಎಂದು ಕೇಳಿ, ಹುಡುಗ ಕೈ ಚಾಚುವಷ್ಟರಲ್ಲಿ ಛಡಿ ಎಲ್ಲಿಟ್ಟೆನೆಂಬುದನ್ನು ಮರೆತಿರುತ್ತಿದ್ದರು. ಅವರ ಮನೆಯ ಎಮ್ಮೆಗೂ "ಸರೀರಿ" ಎಂಬ ಮರ್ಯಾದೆ ಸಲ್ಲುತ್ತಿತ್ತು. ಅದು ಸರಿಯುತ್ತಿರಲಿಲ್ಲ, ಆ ಮಾತು ಬೇರೆ.

ಎಂಬತ್ತರ ದಶಕದ ನಡುವೆ ನಮ್ಮೂರಿಗೆ ಒಬ್ಬ ಡಚ್ ಎಂಜಿನಿಯರ್ ಬಂದ. ನಮ್ಮ ಕಡೆ ನೆಲ ತೋಡಿದರೆ ಉಪ್ಪುನೀರು, ಕುಡಿಯಲು ಕೆರೆಯೇ ಗತಿ. ಆ ಕೆರೆಯ ನೀರನ್ನು ಸೋಸಿ ಓಣಿಗಳಿಗೆ ನಳ ಹಾಕುವ ಯೋಜನೆಗೆ ಅವನ ದೇಶದ ನೆರವಿತ್ತು. ಸಮುದ್ರಕ್ಕಿಂತ ತಗ್ಗಿನಲ್ಲಿದ್ದ ಅವನ ಊರಲ್ಲಿ ನೀರನ್ನು ಹೊರಹಾಕುವುದೇ ಕೆಲಸವಂತೆ. ಇಲ್ಲಿ ಒಳಗೆ ತರಲು ಬಂದಿದ್ದ. ಅವನ ಇಂಗ್ಲಿಷನ್ನು ಊರಿಗೂ ಊರಿನ ಕನ್ನಡವನ್ನು ಅವನಿಗೂ ದಾಟಿಸುವ ಕೆಲಸ ಸಹಜವಾಗಿ ಇಂಗ್ಲಿಷ್ ಮಾಸ್ತರರ ಪಾಲಿಗೆ ಬಂತು.

ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಭಾಷಾಶಾಸ್ತ್ರದ ಮಹಾಸಭೆ ಸೇರುತ್ತಿತ್ತು. ಸಭಿಕ ನಾನೊಬ್ಬನೇ. ಇಂಗ್ಲಿಷಿನ 'ಆಸ್ಕ್' ಎಂಬ ಒಂದು ಕ್ರಿಯಾಪದಕ್ಕೆ ಡಚ್ಚಿನಲ್ಲಿ ಏನೆಂದು ಮಾಸ್ತರರು ಕೇಳಿದರು. ಸಂದರ್ಭ ನೋಡಿ ಹೇಳಬೇಕು ಎಂದ ಅವನು. ಪ್ರಶ್ನೆ ಕೇಳುವುದಕ್ಕೆ 'ವ್ರಾಖೆನ್'. ವಿನಂತಿಗೆ 'ಫರ್ಜೂಕೆನ್'. ಊಟಕ್ಕೆ ಕರೆಯುವುದಕ್ಕೆ 'ಔಟ್‌ನೋಡಿಖೆನ್'. ಹಕ್ಕಿನಿಂದ, ಬೇಕೇ ಬೇಕು ಎನ್ನುವುದಕ್ಕೆ 'ಐಸೆನ್'. ಮಾಸ್ತರರು 'ವ್ರಾಖೆನ್' ಅನ್ನು ಗಂಟಲಿನ ತಳದಿಂದ ಎತ್ತಿ ಎತ್ತಿ ಅಭ್ಯಾಸ ಮಾಡಿದರು. ಒಳಗಿನಿಂದ ಅವರ ಹೆಂಡತಿ, "ಗಂಟ್ಲಾ ಹಿಡದೈತೇನ್ರಿ?" ಎನ್ನುತ್ತ ಮೂವರಿಗೂ ಶುಂಠಿ ಕಷಾಯ ತಂದಿಟ್ಟರು.

"ಮೊದಲಿನ ಮೂರು ನಮ್ಮೂರಿಗೆ ಸಾಕ್ರಿ ಪಂಡಿತರ," ಎಂದರು ಮಾಸ್ತರರು ನನಗೆ. "ಆ ನಾಲ್ಕನೇದು ಬ್ಯಾಡ. ಮನಿಗೆ ಬಂದವರ ಮುಂದ ಯಾರರ ಐಸೆನ್ ಮಾಡ್ತಾರೇನು?"

ಕೆಲವು ದಿನಗಳ ಮೇಲೆ ಎಂಜಿನಿಯರ್ ಓಣಿಗಳನ್ನು ನೋಡಲು ಹೊರಟ. ಊರಾಚೆಯ ದಲಿತರ ಕೇರಿಗೆ ಬರುವಷ್ಟರಲ್ಲಿ ಸರ್ಕಾರಿ ಮಂದಿ ಗೌಡರ ಮನೆಯ ಚಹಾಕ್ಕೆ ಜಾರಿದ್ದರು; ಉಳಿದವರು ಅವನು, ಮಾಸ್ತರರು, ನಾನು. ಕೇರಿಯವರಿಗೆ ಆಗ ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ದಂಡೆಯ ಮೇಲೆ ಕೊಡ ಇಟ್ಟುಕೊಂಡು, ಊರವರು ಯಾರಾದರೂ ನೀರು ತಂದು, ಮುಟ್ಟದೆ ಮೇಲಿನಿಂದ ಸುರಿಯುವವರೆಗೆ ಕೂರಬೇಕು. ಕೂಲಿಗೆ ಹೋಗುವ ಒಬ್ಬ ಹಿರಿಯ ಹೆಣ್ಣುಮಗಳು ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

"ನಾ ಅಂದಂಗ ಹೇಳ್ರಿ ಮಾಸ್ತರ್ರ. ಮಂದಿ ಕೊಡಕ್ಕ ನೀರು ಹಾಕ್ಲಿ ಅಂತ ಬಾಯಿ ನೋಡ್ಕೋತ ಕುಂಡ್ರೂದು ಸಾಕಾಗೇತಿ. ನಮ್ಮ ಓಣಿಗೆ ಮೊದಲ ನಳ ಹಾಕ್ರಿ. ಇಲ್ಲಂದ್ರ ಪೈಪಿಗಂತ ತೋಡಿದ ಕುಣ್ಯಾಗ ನಾವ ಕುಂಡ್ರತೇವಿ."

ಮಾಸ್ತರರು ಕೈ ಜೋಡಿಸಿ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇದು: ತಮ್ಮ ಆಗಮನದಿಂದ ಇವರಿಗೆಲ್ಲ ಪರಮ ಸಂತೋಷವಾಗಿದೆ, ಅನುಕೂಲವಾದಾಗ ಈ ಓಣಿಗೂ ಒಂದು ನಳದ ವಿಚಾರ ಮಾಡಿದರೆ ಉಪಕಾರವಾಗುತ್ತದೆ. ಎಂಜಿನಿಯರ್ ಮುಗುಳ್ನಕ್ಕ. ಹೆಣ್ಣುಮಗಳೂ, ಮಾತು ಮುಟ್ಟಿತೆಂದು, ತಲೆಯಾಡಿಸಿದಳು.

ಅವನು ಊರು ಬಿಡುವ ಹಿಂದಿನ ದಿನ ಮಾಸ್ತರರ ಮನೆಯಲ್ಲಿ ಹೋಳಿಗೆ ಊಟ. ಎಲ್ಲ ಓಣಿಗೂ ನಳ ಬಂದಿತ್ತು, ಕೇರಿಯೊಂದನ್ನು ಬಿಟ್ಟು. ಮಾಸ್ತರರು ಸಂಕೋಚದಿಂದ ಕಾರಣ ಕೇಳಿದರು.

"ಅವರಿಗೆ ಅವಸರವಿರಲಿಲ್ಲವಲ್ಲ," ಎಂದ ಅವನು ಸರಳವಾಗಿ. "ಊರ ಅಗಸಿ ಬಾಗಿಲ ಹತ್ತಿರದವರು ಹಟ ಹಿಡಿದರು, ಅವರಿಗೆ ಎರಡು ಕೊಟ್ಟೆ. ಕೇರಿಯವರದನ್ನು ಮುಂದಿನ ಹಂತಕ್ಕೆ ಇಟ್ಟೆ."

ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಮಾಸ್ತರರ ಕೈ ಹಾಗೇ ನಿಂತಿತು. ತುಪ್ಪ ಎಲೆ ದಾಟಿ ನೆಲಕ್ಕೆ ಹರಿಯಿತು. ಕೇರಿಯ ಹೆಣ್ಣುಮಗಳು ಆಡಿದ್ದನ್ನು ಅವರು ಆಗ, ಮೊದಲ ಸಲ, ಇದ್ದಂತೆ ಹೇಳಿದರು. ಅವನ ಮುಖ ಕೆಂಪಾಯಿತು. ಆದರೆ ಪೈಪು ಮುಗಿದಿತ್ತು. ಬೆಳಗಾದರೆ ಅವನ ಗಾಡಿ ಹೊರಡುವುದಿತ್ತು.

ಮರುದಿನ ಮಾಸ್ತರರು ಸೈಕಲ್ ಬಿಟ್ಟು ನಡೆದು ಕೇರಿಗೆ ಹೋದರು. ನಾನೂ ಹೋದೆ. ನಡೆದದ್ದನ್ನು ಮುಚ್ಚಿಡದೆ ಹೇಳಿ ಕೈ ಮುಗಿದರು. ಆ ಹೆಣ್ಣುಮಗಳು ಕೈಯಲ್ಲಿದ್ದ ಖಾಲಿ ಕೊಡ ಕೆಳಗಿಟ್ಟಳು.

"ನಿಮ್ಮ ಮಾತು ಭಾಳ ಚಲೋ ಅದಾವ್ರಿ ಮಾಸ್ತರ್ರ," ಎಂದಳು. "ಆದ್ರ ಅವು ನಿಮ್ಮವು. ನಾ ಕೊಟ್ಟವು ಬ್ಯಾರೆ ಇದ್ವು."

ಅಲ್ಲಿಂದ ಮುಂದೆ ಅವರು ತಾಲೂಕು ಕಚೇರಿಗೆ ಅಲೆದರು. ಈ ಸಲ ಐಸೆನ್ ಮಾಡಿಯೇ ಬರುತ್ತೇನೆಂದು ಹೊರಡುವರು. ಸಾಹೇಬರು ಕುರ್ಚಿ ತೋರಿಸಿ ಚಹಾ ತರಿಸುವರು. ಇವರು ಚಹಾ ಕುಡಿದು, ಉಪಕಾರ ಹೇಳಿ, ಬರಿಗೈಯಲ್ಲಿ ಬರುವರು. ಜನ್ಮವಿಡೀ ಬಾಗಿದ ಬೆನ್ನು ಒಂದು ನಿರ್ಧಾರಕ್ಕೆ ನೆಟ್ಟಗಾಗುವುದಿಲ್ಲ. ಬರುಬರುತ್ತ ದಮ್ಮು ಹತ್ತಿ ಹಾಸಿಗೆ ಹಿಡಿದರು.

ಆಗಲೇ ಕೆಲಸದ ತಪಾಸಣೆಗೆ ಇನ್ನೊಬ್ಬ ಡಚ್ ಅಧಿಕಾರಿ ಬರುವ ಸುದ್ದಿ ಬಂತು. ದುಭಾಷಿಯ ಪಟ್ಟ ನನಗೆ. ನನ್ನ ಇಂಗ್ಲಿಷ್ ಎಂಥದೆಂದರೆ, ಅದನ್ನು ಕೇಳಿದ ಶಾಲೆಯ ಹುಡುಗರಿಗೆ ಆತ್ಮವಿಶ್ವಾಸ ಬರುತ್ತಿತ್ತು. ಮಾಸ್ತರರು ನನ್ನ ಮುಂಗೈ ಹಿಡಿದು, "ಆಕಿ ಅಂದದ್ದನ್ನ ಅಂದಂಗ ಹೇಳ್ರಿ ಪಂಡಿತರ. ಬೆಲ್ಲ ಹಚ್ಚಬ್ಯಾಡ್ರಿ," ಎಂದರು.

ಅಧಿಕಾರಿ ಕೇರಿಗೆ ಬಂದಾಗ ಅವಳು ಅಂದಳು, ನಾನು ಹೇಳಿದೆ. ಸಂಜೆ ಮಾಸ್ತರರು ಕಾಯುತ್ತಿದ್ದರು.

"ಹೇಳಿದ್ರೇನ್ರಿ?"

"ಹೇಳಿದೆ ಸರ್. ಕುಣ್ಯಾಗ ಕುಂಡ್ರೂದನ್ನೂ ಹೇಳಿದೆ."

"ದಯವಿಟ್ಟು ಅಂತ ಸೇರಿಸಲಿಲ್ಲಲ್ಲ?"

"ಅದರ ಇಂಗ್ಲಿಷ್ ಆ ಹೊತ್ತಿಗೆ ನೆನಪಾಗಲಿಲ್ಲ."

ಕೆಮ್ಮು ಬರುವವರೆಗೂ ನಕ್ಕರು. ಕೆಲವು ತಿಂಗಳ ಮೇಲೆ ಕೇರಿಯ ಮುಂದೆ ಪೈಪು ತಂದು ಇಳಿಸಿದ ಸುದ್ದಿ ಅವರಿಗೆ ಮುಟ್ಟಿತು. ನೀರು ಬರುವವರೆಗೆ ಅವರು ಉಳಿಯಲಿಲ್ಲ.

ಇನ್ನೊಬ್ಬರ ಮಾತನ್ನು ಹೊತ್ತಾಗ ದಾರಿಯಲ್ಲಿ ಅದಕ್ಕೆ ಕೈ ಹಚ್ಚಬಾರದೆಂಬುದು ನಾನು ಅವರಿಂದ ಪಡೆದದ್ದು. ಅದಕ್ಕೆ ಅವರು ಕೊಟ್ಟ ಬೆಲೆ ಮಾತ್ರ ದೊಡ್ಡದು.

ಕೇರಿಯ ನಳಕ್ಕೆ ನೀರು ಬಿಟ್ಟ ದಿನ ನಾನು ಹೋಗಿದ್ದೆ. ಆ ಹೆಣ್ಣುಮಗಳು ಮೊದಲ ಕೊಡ ತುಂಬಿಸುತ್ತ ನನ್ನ ಕಡೆ ತಿರುಗಿದಳು.

"ಮಾಸ್ತರ್ರು ಇದ್ದಿದ್ರ ಈ ನಳಕ್ಕೂ ಕೈ ಮುಗೀತಿದ್ರು ನೋಡ್ರಿ," ಎಂದಳು. ತುಂಬಿದ ಕೊಡ ಸರಿಸುತ್ತ, "ಮುಗದದ್ದು ಸಾಕ್ರಿ, ಈ ಕಡೆ ಕೊಡ ಹಿಡೀರಿ ಅಂತಿದ್ದೆ."