ಬಸವಣ್ಣನ ಬಾಜೂಕಿನ ಫೋನು

ಹೋದ ತಿಂಗಳ ಮಗಳು ಒಂದು ಹಳೇ ಕಾರು ತಗೊಂಡ್ಲು. ಮರುದಿನಾನೇ ಹಳಿಯಾಳ ಪ್ಯಾಟಿಗೆ ಹೋಗಿ ಫೋನ್ ಇಡೂ ಸ್ಟ್ಯಾಂಡ್ ಒಂದು ತಂದು, ಅದನ್ನ ಕಾರಿನಾಗ ಕೂಡ್ರಸಾಕ ಕುಂತ್ಲು. ಸ್ಟ್ಯಾಂಡಿನ ಕೆಳಗ ಅಂಟಿನ ಹಾಳಿ ಇತ್ತು. ಅದನ್ನ ಸುಲಿದ ಕೂಡ್ಲೆ ರಬ್ಬರಿನದೂ ಅಂಟಿನದೂ ಕೂಡಿದ ವಾಸನಿ ಮೂಗಿಗೆ ಬಡೀತು ನೋಡ್ರಿ... ಕಾರಿನ ಬಾಗಲಾ ಹಿಡಕೊಂಡು ನಿಂತೆ.

"ಯಾಕವ್ವಾ, ಏನಾತು?" ಅಂದ್ಲು ಮಗಳು.

ಏನಿಲ್ಲ ಅಂದೆ. ನನಗ ಕಾಕಾ ನೆನಪಾಗಿದ್ರು.

ಕಾಕಾ ಅಂದ್ರ ರಕ್ತಸಂಬಂಧ ಅಲ್ಲ. ನಮ್ಮಪ್ಪ ದಾಂಡೇಲಿಯ ಮಿಲ್ಲಿನಾಗ ದುಡಿಯೂ ಕಾಲಕ್ಕ ನಮ್ಮ ಬಾಜೂ ಮನಿಯವರು. ಧಾರವಾಡ ಕಡೆಯಿಂದ ಹೊಟ್ಟಿಪಾಡಿಗೆ ಬಂದು, ದಾಂಡೇಲಿ–ಜೊಯಿಡಾ ನಡುವ ಜೀಪು ಹೊಡೀತಿದ್ರು. ಮನಷ್ಯಾ ಗಿಡ್ಡ. ಕೆಳಗೊಂದು ದಿಂಬು ಹಾಕ್ಕೊಂಡು ಕುಂತ್ರೂ ಎದುರಿನವರಿಗೆ ಹಣಿ ಅಷ್ಟ ಕಾಣತಿತ್ತು. "ಏ, ಜೀಪು ಡ್ರೈವರ್ ಇಲ್ದಽ ಬರಾಕ್ಹತ್ತೈತಿ, ಸರೀರಿ ಸರೀರಿ!" ಅಂತ ಲಾರಿಯವರು ಚ್ಯಾಷ್ಟಿ ಮಾಡತಿದ್ರು. ಕಾಕಾ ನಕ್ಕು ಹಾರ್ನ್ ಹೊಡದು ಮುಂದ ಹೋಗತಿದ್ರು. ಸಿಟ್ಟು ಅಂಬೂದು ಆ ದೇಹದಾಗ ಇರಲೇ ಇಲ್ಲ. ಇಬ್ಬರದೂ ಪಾಲು ನಾನಽ ತಗೊಂಡು ಹುಟ್ಟಿದ್ನೋ ಏನೋ!

ನನ್ನ ಮದುವಿ ಆದ ಮ್ಯಾಲೆ ನಾವಿದ್ದದ್ದು ಜೊಯಿಡಾ ದಾಟಿ ಒಳಗ, ಅನಮೋಡ ಕಡೆ ಹೋಗೂ ಹಾದಿ ಮ್ಯಾಲಿನ ಒಂದು ಸಣ್ಣ ಹಳ್ಳಿಯೊಳಗ. ನಮ್ಮ ಮನಿಯವರು ಅಲ್ಲಿ ಸಾಲಿ ಮಾಸ್ತರ. ಮುಂಜಾನೆ ಒಂದು ಬಸ್ಸು, ಸಂಜಿಗೊಂದು ಬಸ್ಸು. ನಡುವ ಏನರ ಆದ್ರ ದೇವರಽ ಗತಿ. ಮೊದಲನೇ ಬಸರಿನಾಗ ಬ್ಯಾನಿ ಸುರು ಆದದ್ದು ಮಧ್ಯಾಹ್ನಕ್ಕ. ಬಸ್ಸಿನ ಹಾದಿ ಕಾಯ್ಕೋತ ರಸ್ತೆ ಬಾಜೂಕ ಕಟ್ಟಿ ಮ್ಯಾಲೆ ಕುಂತಿದ್ವಿ. ಬಸ್ಸು ಬಂತು, ದವಾಖಾನಿನೂ ಬಂತು. ಕೂಸು ಹುಟ್ಟಿ ಅಳಲಿಲ್ಲ... ಅಷ್ಟಽ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ನಾ ಯಾರ ಮುಂದೂ ಹೇಳಿಲ್ಲ.

ಎರಡನೇ ಸಲ ದಿನಾ ತುಂಬಾಕ್ಹತ್ತಿದಾಗ ದಾಂಡೇಲಿಯ ಡಾಕ್ಟರಮ್ಮ ಮುಖಾ ಮುರದಂಗ ಹೇಳಿಬಿಟ್ಟಿದ್ರು. "ಬ್ಯಾನಿ ಕಂಡ ಕೂಡ್ಲೆ ಗಾಡಿ ಹತ್ತಬೇಕು. ಬಸ್ಸು ಗಿಸ್ಸು ಅಂತ ಕುಂತ್ರ ಈ ಸಲಾನೂ ನನ್ನ ಕೈಯಾಗ ಏನೂ ಇರಾಂಗಿಲ್ಲ." ನಮ್ಮವ್ವ ಹೋಗಿಬಿಟ್ಟಿದ್ಲು, ಅಪ್ಪ ಊರು ಸೇರಿದ್ದ, ತವರು ಅಂಬೂದು ಉಳಿದಿರಲಿಲ್ಲ. ಒಂಬತ್ತು ತಿಂಗಳಾಗ ಬಿದ್ದ ಮ್ಯಾಲೆ ನಮ್ಮ ಮನಿಗೇ ಬಂದ ಇರು ಅಂದಿದ್ಲು ಕಾಕಾನ ಹೆಂಡ್ತಿ, ನಮ್ಮ ಕಾಕು. ಅಲ್ಲೀತನಕ ಏನು ಗತಿ? ನಾ ಆ ಪ್ರಶ್ನಿ ಕೇಳಿದಾಗ ಕಾಕಾ ಬೀಡಿ ಆರಿಸಿ, "ನಾ ಒಂದು ಮೊಬೈಲ್ ತಗೋತೇನಿ ಯವ್ವಾ. ನೀ ಫೋನ್ ಹಚ್ಚು, ನಾ ಬರ್ತೇನಿ" ಅಂದ್ರು.

ಆಗ ಮೊಬೈಲ್ ಅಂದ್ರ ಇನ್ನೂ ನಾಕು ಮಂದಿ ನಿಂತು ನೋಡೂ ಸಾಮಾನು. ಕಾಕಾ ಯಾರದೋ ಹಳೇದೊಂದು ಹುಡುಕಿ ತಂದ್ರು. ತಂದದ್ದೇನೋ ಖರೆ, ಜೀಪಿನಾಗ ಇಡೂದೆಲ್ಲಿ? ಕಿಸೆದಾಗ ಇಟ್ರ ರೇಂಜ್ ಸಿಗಾಂಗಿಲ್ಲ, ಎದುರಿನ ಕಾಜಿನ ಹತ್ರ ಹಿಡದ್ರ ಅಷ್ಟ ಕಡ್ಡಿ ಕಾಣಸತಾವ. ಡ್ಯಾಶ್‌ಬೋರ್ಡ್ ಮ್ಯಾಲೆ ಬರೇ ಇಟ್ರ ಮೊದಲನೇ ತಗ್ಗಿಗೇ ಹಾರಿ ಕೆಳಗ ಬೀಳತೈತಿ. ಈಗಿನಂಗ ಸ್ಟ್ಯಾಂಡ್ ಎಲ್ಲಿಂದ ಬರಬೇಕು? ನಾ ತಪಾಸಣಿಗೆ ದಾಂಡೇಲಿಗೆ ಬಂದಿದ್ದ ದಿನಾನೇ ಕಾಕಾ ವೆಲ್ಡಿಂಗ್ ಅಂಗಡಿ ಮುಂದ ಜೀಪು ನಿಂದ್ರಿಸಿದ್ರು. ನಾ ಹೊಟ್ಟಿ ಹೊತ್ಕೊಂಡು ಒಳಗ ಕುಂತು ನೋಡಾಕ್ಹತ್ತಿದ್ದೆ. ತಗಡಿನ ಒಂದು ಗೂಡು ಮಾಡಿಸಿದ್ರು. ಒಳಗ ಸೈಕಲ್ ಟ್ಯೂಬು ಕತ್ತರಿಸಿ ಅಂಟು ಹಚ್ಚಿ ಮೆತ್ತಿದ್ರು. ಡ್ಯಾಶ್‌ಬೋರ್ಡ್ ನಟ್ಟನಡುವ ಹಿತ್ತಾಳಿ ಬಸವಣ್ಣ ಕುಂತಿದ್ದ, ಅವನ ಬಾಜೂಕಽ ತೂತು ಕೊರದು ಗೂಡು ಕೂಡ್ರಿಸಿದ್ರು. ಫೋನ್ ಇಟ್ಟು, ಮ್ಯಾಲಿಂದ ಕಬ್ಬಿಣದ ಪಟ್ಟಿ ಎಳದು ಸ್ಕ್ರೂ ಬಿಗಿದ್ರು. ಚಾರ್ಜರಿನ ವಾಯರೂ ಅಲ್ಲೇ ಎಳದ್ರು. ಇಡೀ ಜೀಪು ಅಂಟಿನ ವಾಸನಿ, ರಬ್ಬರಿನ ವಾಸನಿ. ನಾ ಸೆರಗಿಲೆ ಮೂಗು ಮುಚ್ಕೊಂಡು ಕುಂತೆ.

"ಕಾಕಾ, ಇದನ್ನ ಹೊರಗ ತಗ್ಯೂದು ಹೆಂಗ್ರಿ?" ಅಂದೆ.

"ಹೊರಗ ಯಾಕ ತಗೀಬೇಕು? ಬಸವಣ್ಣನ್ನ ಯಾರರ ದಿನಾ ಹೊರಗ ತಗೀತಾರೇನು? ಗಾಡ್ಯಾಗ ಕುಂತ ಮ್ಯಾಲೆ ಗಾಡೀದಽ."

ಮಾತಾಡಬೇಕಂದ್ರ ಜೀಪು ನಿಂದ್ರಿಸಿ, ಬಗ್ಗಿ, ಫೋನಿಗೆ ಕಿವಿ ಹಚ್ಚಬೇಕು. ಹೊರಗಿಂದ ನೋಡಿದವರಿಗೆ ಈ ಮನಷ್ಯಾ ಬಸವಣ್ಣನ ಕಿವ್ಯಾಗ ಏನೋ ಬೇಡ್ಕೊಳ್ಳಾಕ್ಹತ್ತಾನ ಅನಸತಿತ್ತು. ಆದ್ರ ಕಾಕಾ ತಮ್ಮ ಮಾತು ನಡಸಿದ್ರು. ಜೊಯಿಡಾಕ್ಕಿಂತ ಮೊದಲ ಒಂದು ಏರು ಬರತಿತ್ತು, ಕಾಡಿನ ನಡುವ ಅಲ್ಲಿ ಎರಡು ಕಡ್ಡಿ ಸಿಗತಿದ್ವು. ಹೋಗಾಗೊಮ್ಮೆ, ಬರಾಗೊಮ್ಮೆ ಅಲ್ಲಿ ಜೀಪು ನಿಂದ್ರಸತಿದ್ರು. ಮಂದಿ ಒದರ್ಯಾಡವರು. "ಒಂದೀಟು ತಡೀರಿ, ಒಂದು ಹೆಣ್ಣಮಗಳ ಫೋನ್ ಬರೂದೈತಿ" ಅಂತ ಇವರು. "ಕಾಕುಗ ಗೊತ್ತೈತೇನ್ರಿ ಇದು?" ಅಂತ ಮಂದಿ. ನಮ್ಮ ಹಳ್ಳಿ ಅಂಗಡ್ಯಾಗ ಒಂದು ಕಾಯಿನ್ ಡಬ್ಬಿ ಫೋನ್ ಇತ್ತು. ಅಲ್ಲಿಂದ ನಾ ದಿನಾ ಹಚ್ಚಿ ನೋಡತಿದ್ದೆ. ಕಾಕಾನ ದನಿ ಕೇಳೂತನಕ ಜೀವದಾಗ ಜೀವ ಇರತಿರಲಿಲ್ಲ.

ನಮ್ಮತ್ತಿಗೆ, ಅಂದ್ರ ನಮ್ಮ ಮನಿಯವರ ಅವ್ವಗ ಮಾತ್ರ ಇದ್ರಾಗ ಒಂದೀಟೂ ನಂಬಿಕಿ ಇರಲಿಲ್ಲ. "ಕಳ್ಳನ್ನ ನಂಬಿದ್ರೂ ಕುಳ್ಳನ್ನ ನಂಬಬಾರದು" ಅಂತ ಕುಟುಕಿದ್ಲು. ನಾ ತಿರಗಿ ಏನೋ ಅಂದೆ. ಆ ದಿನಾ ನಮ್ಮ ಮನ್ಯಾಗ ಅಡಗಿ ಆಗಲಿಲ್ಲ.

ಒಂಬತ್ತು ಇನ್ನೂ ಬಿದ್ದಿರಲಿಲ್ಲ. ಅವತ್ತು ಅಮಾಸಿ. ಹೊತ್ತೇರಿತ್ತು, ನಾ ಕಾಳು ಹಸನ ಮಾಡ್ಕೋತ ಕುಂತಿದ್ದೆ. ಸೊಂಟದಾಗ ಒಂದು ಹಿಡತ ಬಂತು. ಬಿಡ್ತು. ಮತ್ತ ಬಂತು... ನನಗ ತಿಳೀತು. ಹೆಂಗಸರಿಗೆ ಇದನ್ನ ಯಾರೂ ಕಲಸಬೇಕಾಗಿಲ್ಲ. ನಮ್ಮ ಮನಿಯವರು ಸಾಲಿ ಬಿಟ್ಟು ಅಂಗಡಿಗೆ ಓಡಿದ್ರು. ನಾ ಬಾಗಲದಾಗಿಂದ ಅವರ ಬೆನ್ನು ನೋಡಾಕ್ಹತ್ತಿದ್ದೆ. ಹಚ್ಚಿದ್ರು. ಇಟ್ರು. ಮತ್ತ ಹಚ್ಚಿದ್ರು. ತಿರಗಿ ಬಂದಾಗ ಮುಖದಾಗ ರಕ್ತ ಇರಲಿಲ್ಲ.

"ಬಂದ್ ಐತಿ ಅಂತ ಹೇಳಾಕ್ಹತ್ತೈತಿ."

"ರೇಂಜ್ ಇರಲಿಕ್ಕಿಲ್ಲ. ಮತ್ತ ಹಚ್ಚರಿ."

"ರೇಂಜ್ ಅಲ್ಲ. ಫೋನಽ ಬಂದ್ ಐತೆಂತ."

ಮುಂಜಾನೆ ಬಸ್ಸು ಹೋಗಿಬಿಟ್ಟಿತ್ತು, ಸಂಜಿ ಬಸ್ಸು ಸಂಜಿಗೆ. ಊರಾಗ ಇದ್ದದ್ದು ಎರಡು ಸೈಕಲ್ಲು. ರಸ್ತೆ ಮ್ಯಾಲೆ ನಿಂತು ಬಂದ ಗಾಡಿಗೆ ಕೈ ಮಾಡೂಣು ಅಂತ ನಮ್ಮ ಮನಿಯವರು ಹೋದ್ರು. ಅಮಾಸಿ ದಿನಾ ಯಾರ ಗಾಡಿ ಬರಬೇಕು? ನಮ್ಮ ಕಡೆ ಅಮಾಸಿಗೆ ಗಾಡಿ ತೊಳದು ಪೂಜಿ ಮಾಡಿ, ಅರ್ಧಾ ಮಂದಿ ಮನಿ ಬಿಟ್ಟು ಕದಲಾಂಗಿಲ್ಲ. ನಾನೂ ಅದಽ ಕಟ್ಟಿಗೆ ಬಂದು ಕುಂತೆ, ಮೊದಲಿನ ಸಲ ಕುಂತ ಕಟ್ಟಿ. ಅತ್ತಿ ಬಾಜೂಕ ಕುಂತು ನನ್ನ ಬೆನ್ನು ಒತ್ತಾಕ್ಹತ್ತಿದ್ಲು. ಆ ಕುಳ್ಳನ ಗಾದಿ ಮಾತು ಮತ್ತೊಮ್ಮೆ ಅಂದಿದ್ರ ಛಲೋ ಇರತಿತ್ತು, ನಾ ಜಗಳಾರ ತಗೀತಿದ್ದೆ. ಹೊಟ್ಟಿ ಮ್ಯಾಲೆ ಕೈ ಇಟ್ಟು ಕೂಸು ಮಿಸುಕಾಡತೈತೇನು ಅಂತ ನೋಡತಿದ್ದೆ. ಒಂದೊಂದು ಸಲ ಮಿಸುಕಾಡತಿತ್ತು. ಒಂದೊಂದು ಸಲ ಏನೂ ಇಲ್ಲ... ಆವಾಗ ನಾ ದೇವರಿಗೆ ಬೈದದ್ದು ದೇವರಿಗೇ ಗೊತ್ತು. ಕಾಕಾಗೂ ಬೈದೆ. ಕುಳ್ಳಾ, ಎಲ್ಲಿ ಸತ್ತೀಯೋ ಅಂದೆ.

ಆಮ್ಯಾಲೆ ಹಾರ್ನ್ ಕೇಳಿಸ್ತು.

ತಿರುವಿನಾಗಿಂದ ಜೀಪು ಬಂತು. ಎದುರಿಗೆ ಚೆಂಡ ಹೂವಿನ ಮಾಲಿ, ಬಾನೆಟ್ ಮ್ಯಾಲೆ ಈಬತ್ತಿ ಪಟ್ಟಿ, ಒಳಗ ಒಂದು ನರಪಿಳ್ಳಿ ಇಲ್ಲ. ಸ್ಟೇರಿಂಗ್ ಹಿಂದ ಆ ಹಣಿ. ನಮ್ಮ ಮನಿಯವರು ರಸ್ತೆ ನಡುವ ನಿಂತು ಎರಡೂ ಕೈ ಬೀಸಾಕ್ಹತ್ತಿದ್ರು. ಕಾಕಾ ಇಳದು ಓಡಿ ಬಂದು ನನ್ನ ಮುಖಾ ನೋಡಿ, "ಬ್ಯಾನಿ ಸುರು ಆಗೇತೇನ್ಯವ್ವಾ?" ಅಂದ್ರು. ಅಂದ್ರ ಈ ಮನಷ್ಯಾಗ ಗೊತ್ತಽ ಇರಲಿಲ್ಲ!

ನನ್ನ ಎತ್ತಿ ಜೀಪಿನಾಗ ಮಲಗಿಸಿದ್ರು, ಅತ್ತಿ ತೊಡಿ ಮ್ಯಾಲೆ ತಲಿ. ಜೀಪು ಹೊಂಟ ಮ್ಯಾಲೆ ತಿಳದದ್ದು ಇಷ್ಟು. ಮುಂಜಾನೆ ಕಾಕಾ ಅಮಾಸಿ ಪೂಜಿ ಮಾಡ್ಯಾರ. ಜೀಪು ತೊಳದು, ಬಸವಣ್ಣನ ಮ್ಯಾಲೆ ನೀರು ಹಾಕಿ, ಕಾಯಿ ಒಡದು, ಆ ಕಾಯಿ ನೀರನ್ನ ಬಸವಣ್ಣಗೂ ಬಾಜೂಕಿನ ಫೋನಿಗೂ ಹಾಕ್ಯಾರ. ಫೋನಿಗೆ ಅರಿಷಿಣ, ಕುಂಕುಮ, ಹೂವು ಬ್ಯಾರೆ. ಹೊರಗ ತಗ್ಯಾಕ ಬರಾಂಗಿಲ್ಲಲ್ಲ! ಏರಿನ ಮ್ಯಾಲೆ ನಿಂದ್ರಿಸಿ ನೋಡ್ತಾರ, ಕಡ್ಡಿನೂ ಇಲ್ಲ, ಬೆಳಕೂ ಇಲ್ಲ. ಫೋನಿನ ಕಾಜಿನ ಒಳಗ ನೀರು ತುಳುಕ್ಯಾಡಾಕ್ಹತ್ತೈತಿ.

ನನಗ ಆ ಬ್ಯಾನಿಯೊಳಗೂ ಸಿಟ್ಟು ನೆತ್ತಿಗೇರಿತು. "ಫೋನಿಗೆ ಯಾರರ ಕಾಯಿ ನೀರು ಹಾಕ್ತಾರೇನ್ರಿ ಕಾಕಾ! ಬುದ್ಧಿ ಐತೋ ಇಲ್ಲೋ?"

ಕಾಕಾ ತಿರಗಿ ನೋಡಲಿಲ್ಲ. "ಎಲ್ಲಾದಕ್ಕೂ ಹಾಕಿ ಅದಕ್ಕೊಂದು ಹೆಂಗ ಬಿಡಲೆವ್ವಾ? ನಿನ್ನ ಫೋನ್ ಬರೂದು ಅದ್ರಾಗಽ ಅಲ್ಲ?" ಅಂದ್ರು. ಆಮ್ಯಾಲೆ ಸಣ್ಣ ದನೀಲೆ, "ನೀ ಹಚ್ಚಿದ್ರ ನನಗ ಕೇಳಸಾಂಗಿಲ್ಲ ಅಂತ ತಿಳೀತು. ಮಂದಿನ್ನ ಜೊಯಿಡಾದಾಗ ಇಳಿಸಿ ಬಂದೆ. ನಿನಗ ಹೆರಿಗಿ ಆಗೂತನಕ ನಿಮ್ಮ ಕಟ್ಟಿ ಮ್ಯಾಲೇ ಇದ್ರಾತು ಅಂತ ಅನ್ಕೊಂಡಿದ್ದೆ" ಅಂದ್ರು. ನಾ ಅತ್ತುಬಿಟ್ಟೆ. ಬ್ಯಾನಿಗೆ ಅತ್ತೆನೋ, ಇದಕ್ಕ ಅತ್ತೆನೋ, ಇವತ್ತಿಗೂ ಹೇಳಾಕ ಬರಾಂಗಿಲ್ಲ.

ಹಾದಿ ಏನು ಹಾದಿ ಅಂತೀರಿ! ತಗ್ಗು ಬಂದಾಗೊಮ್ಮೆ ಕಾಕಾ "ಬಸವಣ್ಣಾ, ಬಸವಣ್ಣಾ" ಅಂತಿದ್ರು. ನಿಧಾನ ಹೊಡದ್ರ ಹೊತ್ತು ಹೋಗತೈತಿ, ಜೋರ ಹೊಡದ್ರ ನಾ ಚೀರತೀನಿ. ಅವರ ಅಂಗಿ ಬೆನ್ನು ತೊಯ್ದು ಹೋಗಿತ್ತು. ನಡುಹಾದ್ಯಾಗ ಕೂಸು ಮಿಸುಕಾಡೂದು ನಿಂತಂಗಾತು. ನಾ ಅದನ್ನ ಯಾರಿಗೂ ಹೇಳಲಿಲ್ಲ. ಹೇಳಿದ್ರ ಖರೆ ಆಗತೈತಿ ಅಂತ ಹೆದರಿಕಿ. ಆದ್ರ ಅತ್ತಿಗೆ ನನ್ನ ಕೈಯಿಂದಽ ತಿಳೀತು ಕಾಣತೈತಿ. "ಇನ್ನೊಂದೀಟು ಜೋರ ಹೊಡೀಪಾ, ನನ್ನಪ್ಪಾ" ಅಂದ್ಲು ಕಾಕಾಗ.

ದವಾಖಾನ್ಯಾಗ ಕೂಸು ಹೊರಗ ಬಂತು. ಅಳಲಿಲ್ಲ. ಡಾಕ್ಟರಮ್ಮ ಕೊಳ್ಳಾಗಿನ ಹೊಕ್ಕಳ ಬಳ್ಳಿ ಬಿಡಿಸಿದ್ರು, ಬಾಯಿ ಒರಸಿದ್ರು, ಬೆನ್ನು ತಿಕ್ಕಿದ್ರು, ಅಂಗಾಲಿಗೆ ಬಡದ್ರು. ನಾ ಮ್ಯಾಲಿನ ಪಂಖಾ ನೋಡಾಕ್ಹತ್ತಿದ್ದೆ. ಕೂಸಿನ ಕಡೆ ನೋಡೂ ಧೈರ್ಯ ಇರಲಿಲ್ಲ... ಆಮ್ಯಾಲೆ ಒಂದು ದನಿ. ಬೆಕ್ಕಿನ ಮರಿ ಅಂದಂಗ, ಮೊದಲ ಸಣ್ಣಗ. ಆಮ್ಯಾಲೆ ದವಾಖಾನಿ ಹಾರಿ ಹೋಗೂವಂಗ ಅತ್ತಳು ನನ್ನ ಮಗಳು. ಹೊರಗ ಕಾಕಾ ಗ್ವಾಡಿಗೆ ಆತು ಕುಕ್ಕರುಗಾಲಿಲೆ ಕುಂತುಬಿಟ್ರಂತ. ಕಾಕು ಬಂದು ಎಬ್ಬಿಸೂತನಕ ಏಳಲೇ ಇಲ್ಲಂತ.

ಆ ಫೋನು ಮತ್ತ ಜೀವ ಹಿಡೀಲಿಲ್ಲ. ಕಾಕಾ ಅದನ್ನ ಬಿಚ್ಚಲೂ ಇಲ್ಲ. ಇನ್ನೊಂದು ತಗೋರಿ ಅಂತ ನಾ ಎಷ್ಟು ಹೇಳಿದ್ರೂ, "ಬ್ಯಾಡವ್ವಾ, ಅದನ್ನ ನಂಬಿ ಕೂಡೂದು ಬ್ಯಾಡ. ನಾನಽ ಬಂದು ನೋಡ್ಕೊಂಡು ಹೋಗ್ತೇನಿ" ಅಂದ್ರು. ಹಂಗಽ ಮಾಡಿದ್ರು ಸೈತ. ಹೇಳದ ಕೇಳದ ಬರವರು, ಕೂಸಿನ ತಲಿ ಮ್ಯಾಲೆ ಕೈ ಇಟ್ಟು ಒಂದು ವಾಟಗಾ ಚಾ ಕುಡದು ಹೋಗವರು. ನಾವು ಹಳಿಯಾಳಕ್ಕ ವರ್ಗ ಆಗಿ ಬಂದ ಮ್ಯಾಲೂ ಬಂದ್ರು. ಕಣ್ಣು ಮಂಜಾದ ಮ್ಯಾಲೆ ಜೀಪು ಮಾರಿ, ಮುಂಡಗೋಡ ಕಡೆಯ ಹಳ್ಳ್ಯಾಗಿದ್ದ ಮಗಳ ಮನಿ ಸೇರಿದ್ರು. ಆಮ್ಯಾಲೆ ನಾವಽ ವರ್ಷಕ್ಕೊಮ್ಮೆ ಹೋಗಿ ಬರತಿದ್ವಿ. ಇತ್ತೀಚಿಗೆ ಒಂದೆರಡು ವರ್ಷ ಅದೂ ಆಗಿರಲಿಲ್ಲ... ನಮ್ಮ ಮನಿಯವರ ಮೊಣಕಾಲು ನೋವು, ಮಗಳ ಪರೀಕ್ಷಿ, ಏನೇನೋ.

ಅವತ್ತು ಸ್ಟ್ಯಾಂಡ್ ಕೂಡ್ರಿಸಿ ಮುಗಿದ ಮ್ಯಾಲೆ ಮಗಳಿಗೆ ಹೇಳಿದೆ, "ಮೊದಲ ಮುಂಡಗೋಡಕ್ಕ ಹೋಗೂಣು. ಕಾಕಾಗ ನಿನ್ನ ಕಾರು ತೋರಸೂಣು." ಆಕಿ ಕುಣದಾಡಿ ಹೊಂಟ್ಲು. ಮುದುಕನ್ನ ಮುಂದ ಕೂಡ್ರಿಸಿಕೊಂಡು ಒಂದು ಸುತ್ತು ಹೊಡೀತೇನಿ ಅಂದ್ಲು.

ಅವರ ಮನಿ ಅಂಗಳದಾಗ ಪೆಂಡಾಲಿನ ಕಂಬ ಇನ್ನೂ ಕಿತ್ತಿರಲಿಲ್ಲ. ಪಡಸಾಲ್ಯಾಗ ಮಾಲಿ ಹಾಕಿದ ಫೋಟೋ, ಮುಂದ ದೀಪ. ದಿವಸದ ಊಟ ಆಗಿ ಎರಡು ದಿನಾ ಆಗಿತ್ತಂತ. ನಾ ಹೊಸ್ತಿಲದಾಗಽ ಕುಂತೆ. ಕಾಕು ಬಂದು ನನ್ನ ಕೈ ಹಿಡದ್ಲು. ಬಾಯಿ ತಗದ್ರ ನನಗ ಸಿಟ್ಟಽ ಬಂತು. "ಒಂದು ಫೋನ್ ಮಾಡಬಾರದಾಗಿತ್ತೇನ್ರಿ ಕಾಕು? ನನಗೊಂದು ಮಾತು ಹೇಳಬಾರದಾಗಿತ್ತೇನು?"

"ಮಾಡ್ತೇನಿ ಅಂದೆ ಯವ್ವಾ. ಹಾಸಿಗಿ ಹಿಡದಾಗ ದಿನಾ ಅಂದೆ. ಅವರಽ ಬ್ಯಾಡ ಅಂದ್ರು. ಫೋನ್ ಮಾಡಿದ್ರ ಹುಡುಗಿ ಗಾಬರಿ ಆಗತಾಳ, ಯಾಕ ಕರೀತಿ, ಆಕಿ ತಾನಽ ಬರ್ತಾಳ ಅಂದ್ರು. ಕಡೀ ದಿನಾನೂ ಅದನ್ನಽ ಅಂದ್ರು, ಬಾಗಲಾ ತಗದಽ ಇಡು ಅಂತ."

ಮಗಳು ನನ್ನ ಹಿಂದ ನಿಂತು ಅಳಾಕ್ಹತ್ತಿದ್ಲು. ನಾ ಫೋಟೋದ ಮುಂದ ಹೋಗಿ ಕೈ ಮುಗದೆ. "ಬಂದೇನ್ರಿ ಕಾಕಾ" ಅಂದೆ. "ತಡಾ ಆತು ನೋಡ್ರಿ..."